ಬಸ್ಸು ಬಾರದ ದಿನಗಳ ಪಟ್ಟಿ

ಹದಿನಾರು ವರ್ಷದಿಂದ ಸಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೇನೆ. ನಾನು ಕಲಿಸಿದ ಒಂದು ಪ್ರೋಗ್ರಾಮು ಒಬ್ಬರ ಬದುಕಿನಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಈ ಸೆಮಿಸ್ಟರಿನಲ್ಲಿ, ಮೊದಲ ಸಲ. ಅದನ್ನು ನಾವೆಲ್ಲ ಸೇರಿ ಕಸದ ಬುಟ್ಟಿಗೆ ಹಾಕಿದೆವು.

ನನ್ನ ದಿನಚರಿ ಇಷ್ಟೇ. ಮನೆ ಗಡಿಯಾಚೆ ತೆಲುಗು ಸೀಮೆಯ ಜಹೀರಾಬಾದಿನಲ್ಲಿ, ನೌಕರಿ ನಾರಾಯಣಖೇಡದ ಒಂದು ಪ್ರೈವೇಟ್ ಡಿಗ್ರಿ ಕಾಲೇಜಿನಲ್ಲಿ. (ನಾವು ಬರೀ ಖೇಡ್ ಅನ್ನುತ್ತೇವೆ. ಪೂರ್ತಿ ಹೆಸರು ಬಸ್ಸಿನ ಬೋರ್ಡಿಗೆ ಮಾತ್ರ.) ಬೆಳಿಗ್ಗೆ ಬಸ್ಸು ಹತ್ತುವುದು, ಸಂಜೆ ಬಸ್ಸು ಇಳಿಯುವುದು, ನಡುವೆ ಸಿ.

ನಮ್ಮ ಲ್ಯಾಬ್ ಸಿಲಬಸ್ಸಿನಲ್ಲಿ ಹದಿನಾಲ್ಕನೇ ಪ್ರೋಗ್ರಾಮು ಒಂದಿದೆ. ಫೈಲಿನಿಂದ ಬೇಕಾದ ಪಠ್ಯವನ್ನು ಹೆಕ್ಕಿ ತೆಗೆಯುವುದು. ಅದೇನು ದೊಡ್ಡ ವಿದ್ಯೆಯಲ್ಲ. ಫೈಲು ತೆರೆ. ಒಂದೊಂದೇ ಸಾಲು ಓದು. ನೀನು ಹುಡುಕುವ ಮಾತು ಆ ಸಾಲಿನಲ್ಲಿದ್ದರೆ ಸಾಲನ್ನು ಮುದ್ರಿಸು, ಇಲ್ಲದಿದ್ದರೆ ಮುಂದಿನ ಸಾಲಿಗೆ ಹೋಗು. ಫೈಲು ಮುಗಿದ ಮೇಲೆ ಮುಚ್ಚು. ಅಷ್ಟೇ. ಮೊರದಲ್ಲಿ ತೊಗರಿಬೇಳೆ ಆರಿಸುವ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ನಮ್ಮಲ್ಲಿ ಇದಕ್ಕೊಂದು ಖಾಯಂ ಫೈಲಿದೆ. ಅದರಲ್ಲಿ ನಾಲ್ಕು ಇಂಗ್ಲಿಷ್ ವಾಕ್ಯ. ಭಾರತ ನನ್ನ ದೇಶ, ಭಾರತ ದೊಡ್ಡ ದೇಶ, ಹೀಗೆ. ಹುಡುಕಬೇಕಾದ ಪದ ‘ಇಂಡಿಯಾ’. ಸಿಗುವ ಉತ್ತರ ಎರಡು ಸಾಲು. ಆ ಎರಡು ಸಾಲನ್ನು ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಚೌಕ ಎಳೆದು ಬರೆಯುತ್ತಾರೆ. ಕಂಪ್ಯೂಟರಿಗೆ ಕೈ ಹಚ್ಚುವ ಮೊದಲೇ ಬರೆದಿರುತ್ತಾರೆ. ಸೀನಿಯರ್‌ಗಳ ಪುಸ್ತಕ ಇರುತ್ತದಲ್ಲ? ನಾನೂ ಸಹಿ ಹಾಕುತ್ತೇನೆ. ಹದಿನಾರು ವರ್ಷದಿಂದ ಯಾರೂ ಇನ್ನೊಂದು ಪದ ಹುಡುಕಿಲ್ಲ. ನಾನೂ ಹುಡುಕಿಸಿಲ್ಲ.

ರೇಣುಕಾ ಹುಡುಕಿದಳು.

ರೇಣುಕಾ ಎರಡನೇ ವರ್ಷದ ಹುಡುಗಿ. ಕಂಗ್ಟಿಯ ಆಚೆ, ಮುಖ್ಯ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ ಅವಳ ಊರು. ಅಪ್ಪ ಬೀರಪ್ಪ ಕುರಿ ಸಾಕುತ್ತಾನೆ, ಸ್ವಲ್ಪ ಜೋಳ ಬೆಳೆಯುತ್ತಾನೆ. ಕ್ಲಾಸಿನಲ್ಲಿ ಎಲ್ಲರ ಜೊತೆ ತೆಲುಗು ಮಾತಾಡುವ ಹುಡುಗಿ, ನನ್ನ ಜೊತೆ ಮಾತ್ರ ಕನ್ನಡ. ಪ್ರಶ್ನೆ ಕೇಳುವ ಕೆಟ್ಟ ಅಭ್ಯಾಸ ಇದೆ.

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಾಜರಿ ಕಡಿಮೆ ಇರುವವರ ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು. ಎಪ್ಪತ್ತೈದು ಪರ್ಸೆಂಟ್ ಹಾಜರಿ ಇಲ್ಲದವರಿಗೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲವೆಂದರೆ ಪರೀಕ್ಷೆ ಇಲ್ಲ, ಒಂದು ವರ್ಷ ಮಣ್ಣು. ರೇಣುಕಾಳ ಹೆಸರಿನ ಮುಂದೆ ಹೀಗಿತ್ತು: ನಡೆದ ದಿನ ಎಪ್ಪತ್ಮೂರು, ಬಂದ ದಿನ ಐವತ್ನಾಲ್ಕು. ಎಪ್ಪತ್ತೈದು ಪರ್ಸೆಂಟಿಗೆ ಕೂದಲೆಳೆಯಷ್ಟು ಕಡಿಮೆ.

ಎರಡು ದಿನ ಬಿಟ್ಟು ಆಕೆ ಲ್ಯಾಬಿನಲ್ಲಿ ನನ್ನ ಟೇಬಲ್ ಮೇಲೆ ಒಂದು ಪ್ರಿಂಟ್‌ಔಟ್ ಇಟ್ಟಳು.

“ಸಾರ್, ಹದಿನಾಲ್ಕನೇ ಪ್ರೋಗ್ರಾಂ ರೀ.”

ನೋಡಿದೆ. ಭಾರತವೂ ಇಲ್ಲ, ದೇಶವೂ ಇಲ್ಲ. ಹದಿನೇಳು ಸಾಲು. ಪ್ರತಿ ಸಾಲಿನ ಮೊದಲಿಗೆ ಒಂದು ತಾರೀಖು, ಬೆಳಗಿನ ಎಂಟು ಗಂಟೆಯ ಆಸುಪಾಸಿನ ಟೈಮು, ನಮ್ಮ ಕಾಲೇಜು ಬಸ್ಸಿನ ಡ್ರೈವರನ ಹೆಸರು, ಆಮೇಲೆ ತೆಲುಗಿನ ಎರಡು ಮಾತು: ಬಸ್ ರಾದು. ಬಸ್ಸು ಬರುವುದಿಲ್ಲ ಎಂದು.

ನಾನು ಮೊದಲು ಏನು ಮಾಡಿದೆ ಹೇಳಿ? ಬೈದೆ. “ಇದೇನಮ್ಮ, ರೆಕಾರ್ಡಿನಲ್ಲಿರೋ ಔಟ್‌ಪುಟ್ ಎಲ್ಲಿ?” ಅಂದೆ. ಮೇಷ್ಟರ ಬುದ್ಧಿ ಎಲ್ಲಿಗೆ ಹೋಗುತ್ತದೆ?

ಆಕೆ ತಾಳ್ಮೆಯಿಂದ ವಿವರಿಸಿದಳು. ಕಂಗ್ಟಿ ಕಡೆಯ ಹನ್ನೊಂದು ಮಕ್ಕಳಿಗಾಗಿ ಒಂದು ಕಾಲೇಜು ಬಸ್ಸಿದೆ. ಆ ಬಸ್ಸಿನದೊಂದು ವಾಟ್ಸಾಪ್ ಗ್ರೂಪಿದೆ. ಬಸ್ಸು ಬರದ ದಿನ ಡ್ರೈವರು ಅದರಲ್ಲಿ ಮೆಸೇಜ್ ಹಾಕುತ್ತಾನೆ. ಹೊಸದಾಗಿ ಟೈಪ್ ಮಾಡುವ ಗೋಜೂ ಇಲ್ಲ, ಹಳೇ ಮೆಸೇಜನ್ನೇ ಫಾರ್ವರ್ಡ್ ಮಾಡುತ್ತಾನೆ. ಅಷ್ಟು ಸಲ ಬೇಕಾಗಿದೆ ಅವನಿಗೆ. ರೇಣುಕಾ ಆ ಗ್ರೂಪಿನ ಇಡೀ ಮಾತುಕತೆಯನ್ನು ಒಂದು ಟೆಕ್ಸ್ಟ್ ಫೈಲಾಗಿ ಇಳಿಸಿಕೊಂಡಿದ್ದಳು. ಗುಡ್ ಮಾರ್ನಿಂಗ್ ಹೂವು, ಹಬ್ಬದ ಶುಭಾಶಯ, ಬಿಟ್ಟುಹೋದ ಟಿಫಿನ್ ಡಬ್ಬಿಯ ವಿಚಾರಣೆ, ಎಲ್ಲ ಸೇರಿ ಸಾವಿರಾರು ಸಾಲು. ನಾನು ಕಲಿಸಿದ ಪ್ರೋಗ್ರಾಮು ಅದರೊಳಗಿಂದ ಹದಿನೇಳು ಸಾಲನ್ನು ಹೆಕ್ಕಿ ಹೊರಗೆ ಹಾಕಿತ್ತು.

ಆಮೇಲೆ ಆಕೆ ಇನ್ನೊಂದು ಫೈಲು ಮಾಡಿದ್ದಾಳೆ. ಅದರಲ್ಲಿ ತಾನು ಗೈರುಹಾಜರಾದ ಹತ್ತೊಂಬತ್ತು ದಿನ. ಎರಡನ್ನೂ ಹೋಲಿಸಿದ್ದಾಳೆ. ಹತ್ತೊಂಬತ್ತರಲ್ಲಿ ಹದಿನೇಳು ದಿನ ಬಸ್ಸೇ ಬಂದಿಲ್ಲ.

“ಉಳಿದ ಎರಡು?” ಅಂದೆ.

“ಆ ಎರಡು ದಿನ ನಾನೇ ಬಂದಿಲ್ರಿ. ಅಕ್ಕನ ಸೀಮಂತ ಇತ್ತು. ಅದು ನನ್ನ ತಪ್ಪೇ ರೀ.”

“ಸರ್ಕಾರಿ ಬಸ್ಸಿಗೆ ಬರಬಹುದಿತ್ತಲ್ಲ?”

“ಇವ್ರು ಬರಂಗಿಲ್ಲ ಅಂತ ಹೇಳೋದೇ ಎಂಟಕ್ಕ ರೀ. ಮೇನ್ ರೋಡಿನ ಬಸ್ ಏಳೂವರಿಗೇ ಹೋಗಿರ್ತದ.”

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಎದೆ ಉಬ್ಬಿತು. ಯಾವ ಕಂಪನಿಯೂ ಕೊಡದ ಸರ್ಟಿಫಿಕೇಟ್ ಈ ಹದಿನೇಳು ಸಾಲು ನನಗೆ ಕೊಟ್ಟಿತ್ತು. ಪ್ರಿಂಟ್‌ಔಟನ್ನು ಕೈಯಲ್ಲಿ ಹಿಡಿದು ಇನ್ನೊಮ್ಮೆ ತಾರೀಖುಗಳನ್ನು ಓದಿದೆ. ಅಲ್ಲಿಗೆ ಖುಷಿ ಮುಗಿಯಿತು.

ಯಾಕೆಂದರೆ ಆ ತಾರೀಖುಗಳೆಲ್ಲ ಮುಹೂರ್ತದ ದಿನಗಳು. ನಮ್ಮ ಕಡೆ ಮದುವೆ ಸೀಜನ್ನಿನಲ್ಲಿ ಕಾಲೇಜು ಬಸ್ಸು ಮಕ್ಕಳನ್ನು ತರುವುದಿಲ್ಲ, ಬೀಗರನ್ನು ಹೊರುತ್ತದೆ. ಮ್ಯಾನೇಜ್‌ಮೆಂಟಿನವರು ಬಾಡಿಗೆಗೆ ಬಿಡುತ್ತಾರೆ, ಪರಿಚಯದವರಾದರೆ ಹಾಗೇ ಕಳಿಸುತ್ತಾರೆ. ಖೇಡಿನ ಸುತ್ತಲಿನ ಬಸ್ಸುಗಳಲ್ಲಿ ಮಕ್ಕಳು ಜಾಸ್ತಿ, ಅವನ್ನು ತಪ್ಪಿಸಿದರೆ ಗಲಾಟೆ. ಕಂಗ್ಟಿ ಬಸ್ಸಿನಲ್ಲಿ ಹನ್ನೊಂದೇ ಮಂದಿ. ಕೇಳುವವರು ಯಾರು? ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಆ ಪಟ್ಟಿಯ ಏಳನೇ ಸಾಲಿನ ದಿನ ಆ ಬಸ್ಸು ಎಲ್ಲಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ಮೊಗುಡಂಪಲ್ಲಿಯಲ್ಲಿತ್ತು. ಮ್ಯಾನೇಜ್‌ಮೆಂಟಿನ ಸಂಬಂಧಿಕರ ಮದುವೆ. ಬಸ್ಸಿನ ತುಂಬ ನಮ್ಮ ಸ್ಟಾಫು. ಮೂರನೇ ಸೀಟಿನ ಕಿಟಕಿ ಪಕ್ಕ ನಾನು.

ಅವತ್ತು ಕಾಲೇಜಿನಲ್ಲಿ ಒಂದು ಪಾಠವೂ ನಡೆಯಲಿಲ್ಲ. ಖೇಡಿನ ಮಕ್ಕಳು ಬಂದು, ಬೆಂಚು ಕುಟ್ಟಿ, ವಾಪಸ್ ಹೋಗಿದ್ದರು. ಮರುದಿನ ಪ್ರಿನ್ಸಿಪಾಲರು “ರಿಜಿಸ್ಟರ್ ಖಾಲಿ ಬಿಡಬೇಡಿ” ಅಂದರು. ಇಡೀ ಕಾಲೇಜಿನ ಹಾಜರಿಪುಸ್ತಕ ನನ್ನ ಜವಾಬ್ದಾರಿ. ಕೂತು ತುಂಬಿದೆ. ಎಲ್ಲರಿಗೂ ಹಾಜರಿ ಹಾಕಿದರೆ ನೋಡಿದವರಿಗೆ ಅನುಮಾನ ಬರುತ್ತದಲ್ಲ? ನಿಜದಂತೆ ಕಾಣಲಿ ಎಂದು, ಬಸ್ಸು ಹೋಗದ ಊರಿನ ಹನ್ನೊಂದು ಮಂದಿಗೆ ಆಬ್ಸೆಂಟ್ ಹಾಕಿದೆ. ಬಸ್ಸು ಹೋಗಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅದರಲ್ಲೇ ಕೂತಿದ್ದವನು ನಾನು.

ಹೀಗೆಲ್ಲ ಬರೆಯುತ್ತಿದ್ದೀರಲ್ಲ, ನಾಳೆ ನೌಕರಿ? ಎಂದು ನೀವು ಕೇಳಬಹುದು. (ನಮ್ಮ ಪ್ರಿನ್ಸಿಪಾಲರಿಗೆ ಕನ್ನಡ ಓದಲು ಬರುವುದಿಲ್ಲ. ಗಡಿಯಲ್ಲಿ ಬದುಕುವುದರ ಒಂದೇ ಲಾಭ ಇದು.)

ರೇಣುಕಾ ನನ್ನ ಮುಖ ನೋಡಲಿಲ್ಲ. ಪ್ರಿಂಟ್‌ಔಟಿನ ಏಳನೇ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು. “ಸಾರ್, ಈ ದಿನ ಕಾಲೇಜೇ ನಡದಿಲ್ಲ ಅಂತ ಖೇಡಿನ ಪೋರಗೋಳು ಹೇಳ್ಯಾರ್ರಿ. ಇದೊಂದು ದಿನ ಲೆಕ್ಕದಿಂದ ತೆಗದ್ರ ನಂದು ಸರಿಯಾಗ್ತದ್ರಿ. ಎಪ್ಪತ್ತೆರಡಕ್ಕ ಐವತ್ನಾಲ್ಕು. ಬರೋಬರ್ ಎಪ್ಪತ್ತೈದು.”

ಮೊಬೈಲ್ ತೆಗೆದು ಕ್ಯಾಲ್ಕ್ಯುಲೇಟರ್ ಒತ್ತಿದೆ. ಬರೋಬರ್ ಎಪ್ಪತ್ತೈದು.

ಒಂದೇ ದಿನ. ನನ್ನದೇ ಕೈಬರಹ. ಕೆಂಪು ಪೆನ್ನಿನಿಂದ ಆ ಕಾಲಮ್ಮಿನ ಮೇಲೆ ಒಂದು ಗೆರೆ ಎಳೆದು ‘ತರಗತಿ ನಡೆದಿಲ್ಲ’ ಎಂದು ಬರೆದು ಸಹಿ ಮಾಡಿದ್ದರೆ ಆಕೆಗೆ ಅವತ್ತೇ ಹಾಲ್ ಟಿಕೆಟ್ಟು. ಆದರೆ ಹಾಗೆ ಬರೆದರೆ, ನಡೆಯದ ತರಗತಿಗೆ ಹಾಜರಿ ಹಾಕಿದ ಪುಣ್ಯಾತ್ಮ ಯಾರು ಎಂಬ ಪ್ರಶ್ನೆ ಏಳುತ್ತದೆ. ಏಳುವುದು ಬೇಡ ಎಂದುಕೊಂಡೆ. “ಪ್ರಿನ್ಸಿಪಾಲರ ಹತ್ತಿರ ಮಾತಾಡೋಣ ಬಾ” ಅಂದೆ. ಹೆದರಿದ ಮೇಷ್ಟರು ಯಾವಾಗಲೂ ಆಡುವ ಮಾತು.

ಪ್ರಿನ್ಸಿಪಾಲರು ಪ್ರಿಂಟ್‌ಔಟನ್ನು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ನೋಡಿದರು. ಅವರ ಕಣ್ಣೂ ಏಳನೇ ಸಾಲಿನಲ್ಲಿ ನಿಂತದ್ದನ್ನು ನಾನು ಕಂಡೆ.

“ಇದರ ಮೇಲೆ ಸೀಲ್ ಎಲ್ಲಿದೆ?” ಎಂದು ತೆಲುಗಿನಲ್ಲಿ ಕೇಳಿದರು.

“ಇದು ಕಂಪ್ಯೂಟರ್ ಔಟ್‌ಪುಟ್ಟು ಸಾರ್” ಅಂದೆ.

“ಯಾರು ಬೇಕಾದರೂ ಟೈಪ್ ಮಾಡಬಹುದಲ್ಲ?”

“ಗ್ರೂಪಿನಲ್ಲೇ ಇದೆ ಸಾರ್. ಅಡ್ಮಿನ್ ನೀವೇ.”

ಅವರು ತಮ್ಮ ಮೊಬೈಲನ್ನು ಹತ್ತಿರ ಎಳೆದುಕೊಂಡರು. ಮರುದಿನ ಬೆಳಿಗ್ಗೆ ಗ್ರೂಪೇ ಇರಲಿಲ್ಲ. ಹುಡುಗಿಯ ಫೈಲು ಹುಡುಗಿಯ ಹತ್ತಿರ ಇತ್ತು, ನಿಜ. ಆದರೆ ಮೂಲವೇ ಇಲ್ಲದ ಮೇಲೆ ನಕಲಿಗೆ ಬೆಲೆ ಏನು?

ಹಾಗಂತ ಪ್ರಿನ್ಸಿಪಾಲರು ಕಟುಕರೇನಲ್ಲ. ಅವರೇ ದಾರಿ ತೋರಿಸಿದರು. “ಎಲ್ಲರೂ ಮಾಡುವ ಹಾಗೆ ಒಂದು ಮೆಡಿಕಲ್ ಸರ್ಟಿಫಿಕೇಟ್ ತರಲಿ. ಕಾಮಾಲೆ ಅಂತ ಬರೆಸಲಿ. ಇವತ್ತೇ ಸಹಿ ಹಾಕುತ್ತೇನೆ.”

ನಿಮ್ಮೂರಿನಲ್ಲಿ ಹೇಗೋ ಗೊತ್ತಿಲ್ಲ. ನಮ್ಮಲ್ಲಿ ಹಾಜರಿ ಕಡಿಮೆಯಾದವರಿಗೆಲ್ಲ ಕಾಮಾಲೆ, ಹಳ್ಳಿಯವರ ಬಾಯಲ್ಲಿ ಕಾಮಣಿ. ಜ್ವರಕ್ಕೆ ಮೂರು ದಿನ ಸಿಗುತ್ತದೆ, ಟೈಫಾಯ್ಡಿಗೆ ಹತ್ತು, ಕಾಮಾಲೆಗೆ ಎಷ್ಟು ಬೇಕೋ ಅಷ್ಟು. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಡಾಕ್ಟರಿದ್ದಾರೆ, ನಾಡಿ ನೋಡುವುದಿಲ್ಲ, ತಾರೀಖು ಕೇಳುತ್ತಾರೆ. ನಾನೇನು ಸಾಚಾ ಅಲ್ಲ. ಎರಡು ವರ್ಷದ ಹಿಂದೆ ತಾಂಡೂರಿನಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆ ನಾಲ್ಕು ದಿನ ರಜೆ ಬೇಕಿತ್ತು. ಗೃಹಪ್ರವೇಶ ಅಂದರೆ ಒಂದು ದಿನ ಕೊಡುತ್ತಿದ್ದರು. ವೈರಲ್ ಫೀವರ್ ಅಂದೆ, ನಾಲ್ಕೂ ಸಿಕ್ಕಿತು. ತಂಗಿಯ ಮನೆಯ ಹೋಳಿಗೆ ತಿನ್ನುತ್ತ ಜ್ವರದಿಂದ ಚೇತರಿಸಿಕೊಂಡೆ.

ನನ್ನ ಜಹೀರಾಬಾದಿನ ಬಸ್ಸು ಕೆಟ್ಟು ನಿಂತ ದಿನ ನಾನು ಏನು ಮಾಡುತ್ತೇನೆ? ಒಂದು ಫೋನ್ ಹೊಡೆಯುತ್ತೇನೆ. “ಸಾರ್, ಬಸ್ ಪ್ರಾಬ್ಲಮ್.” “ಆಯಿತು, ನಿಧಾನ ಬನ್ನಿ.” ನನ್ನ ಬಸ್ಸು ಕೆಟ್ಟದ್ದಕ್ಕೆ ಯಾರೂ ಸೀಲ್ ಕೇಳಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರೆ. ನಮ್ಮ ಕಾಲೇಜಿನಲ್ಲಿ ಎತ್ತೇ ಕೂತು ಎಮ್ಮೆಗೆ ಬರೆ ಹಾಕುತ್ತದೆ.

ರೇಣುಕಾ ಸರ್ಟಿಫಿಕೇಟ್ ತರಲು ಒಪ್ಪಲಿಲ್ಲ. ವಾದ ಮಾಡಲಿಲ್ಲ, ಅಳಲಿಲ್ಲ. ಒಂದೇ ಕೇಳಿದಳು.

“ಸಾರ್, ನನ್ನ ಪ್ರೋಗ್ರಾಂದಾಗ ಏನರೆ ತಪ್ಪದೇನ್ರಿ?”

“ಇಲ್ಲಮ್ಮ.”

“ಔಟ್‌ಪುಟ್ ತಪ್ಪದೇನ್ರಿ?”

“ಇಲ್ಲ.”

“ಮತ್ತ ಯಾಕ್ರಿ?”

ಈ ಪ್ರಶ್ನೆ ಸಿಲಬಸ್ಸಿನಲ್ಲಿಲ್ಲ. ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದೆ.

ಬೀರಪ್ಪ ಬಂದ. ತೆಳ್ಳನೆಯ ಆಳು, ಒಗೆದ ಬಿಳಿ ಅಂಗಿ, ಕಾಲಿನಲ್ಲಿ ಊರಿನ ಧೂಳು. ಸ್ಟಾಫ್ ರೂಮಿನೊಳಗೆ ಕರೆದರೆ ಬರಲಿಲ್ಲ. ಕಾಲೇಜಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಮಗಳು ಸ್ವಲ್ಪ ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದಳು.

ನಾನು ವಿಷಯ ಹೇಳಿದೆ. ಅವನು ಚಹಾ ಆರುವವರೆಗೆ ಕೇಳಿಸಿಕೊಂಡ.

“ನನ್ನ ಮಗಳಿಗಿ ಬ್ಯಾನಿ ಆಗಿಲ್ರಿ ಸಾರ್. ಬಸ್ ಬಂದಿಲ್ರಿ” ಅಂದ.

“ಗೊತ್ತು ಬೀರಪ್ಪ. ಆದರೆ ಬಸ್ಸು ಬಂದಿಲ್ಲ ಅಂತ ಬರೆದರೆ ನಡೆಯೋದಿಲ್ಲ.”

“ಖರೇ ಬರದ್ರ ನಡೆಯಂಗಿಲ್ಲ?”

“ನಡೆಯೋದಿಲ್ಲ.”

“ನಾವು ಕುರಿ ಮಂದಿ ರೀ. ಬ್ಯಾನಿ ಬಂದ ಕುರಿ ಹಿಂಡಿನಿಂದ ಬ್ಯಾರೆ ಕಟ್ತೀವಿ. ಚಲೋ ಕುರಿಗಿ ಬ್ಯಾನಿ ಅದ ಅಂತ ಬಾಯಾಗ ಸೈತ ಅನ್ನಂಗಿಲ್ಲ. ಅಂದ್ರ ಹತ್ತತದ ಅಂತಾರ ನಮ್ಮ ಹಿರ್ಯಾರು.” ಮಗಳ ಕಡೆ ನೋಡಿ ದನಿ ತಗ್ಗಿಸಿದ. “ಮತ್ತ ನಾಳಿಗಿ ಗಂಡಿನವ್ರು ಬರ್ತಾರ. ಪೋರಿಗಿ ಕಾಮಣಿ ಆಗಿತ್ತಂತ, ಕಾಲೇಜಿನಾಗ ಬರದಾರಂತ ಅಂದ್ರ ನಾ ಏನು ಹೇಳ್ಲಿ?”

ನಾನು ನಕ್ಕೆ. ನಗಬಾರದಿತ್ತು. “ಅಯ್ಯೋ, ಅದು ಬರೀ ಕಾಗದ ಬೀರಪ್ಪ. ಯಾರು ನೋಡ್ತಾರೆ?”

“ಬರೀ ಕಾಗದ ಆದ್ರ, ಆಕಿ ತಂದ ಕಾಗದ ಯಾಕ ನಡೀಲಿಲ್ರಿ?”

ಓದುಗರೇ, ನಿಮ್ಮಲ್ಲಿ ಯಾರಿಗಾದರೂ ಇದಕ್ಕೆ ಉತ್ತರ ಗೊತ್ತಿದ್ದರೆ ತಿಳಿಸಿ. ನಾನು ಚಹಾದಂಗಡಿಯವನಿಗೆ ಇನ್ನೆರಡು ಚಹಾ ಹೇಳಿದೆ. ಮಾತು ಹೊಳೆಯದಾಗ ಚಹಾ ಹೇಳುವುದು ನಮ್ಮ ಕಡೆಯ ಪದ್ಧತಿ.

ಆಮೇಲೆ ಒಂದು ಗಂಟೆ ನಾನೇ ಮಾತಾಡಿದೆ. ಒಂದು ವರ್ಷ ಹಾಳಾದರೆ ಏನಾಗುತ್ತದೆ ಎಂದು ಹೇಳಿದೆ. ಹುಡುಗಿ ಬುದ್ಧಿವಂತೆ ಎಂದೆ. ಜೊತೆಯ ಹತ್ತು ಮಂದಿ ಆಗಲೇ ತಂದುಕೊಟ್ಟಿದ್ದಾರೆ ಎಂದೆ, ಅದು ನಿಜವೂ ಆಗಿತ್ತು. ಆ ಹತ್ತು ಮಂದಿಗೆ ಈ ಹುಡುಗಿಯ ಪ್ರಿಂಟ್‌ಔಟಿನಿಂದಲೂ ಉಪಯೋಗವಾಗಬಹುದಿತ್ತು ಎಂದು ಹೇಳಲಿಲ್ಲ. ಏಳನೇ ಸಾಲಿನ ದಿನ ನನ್ನ ರಿಜಿಸ್ಟರಿನಲ್ಲಿ ತುಂಬಿದ್ದರ ವಿಷಯ ಅಂತೂ ಬಾಯಿಗೆ ಬರಲೇ ಇಲ್ಲ. ಒಂದು ಗಂಟೆ ಸುಳ್ಳು ಬರೆಸಲು ಉಪದೇಶ ಮಾಡಿದವನಿಗೆ, ಒಂದು ನಿಮಿಷ ನಿಜ ಹೇಳಲು ಆಗಲಿಲ್ಲ. ಈಗ ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಕೊನೆಗೆ ಬೀರಪ್ಪ ಎದ್ದ. “ನೀವು ಓದಿದವ್ರು ಇದ್ದೀರಿ ಸಾರ್. ನೀವು ಹೇಳಿದ ಮ್ಯಾಲ ಆತು” ಅಂದ. ಅವನು ಒಂದು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬಸ್ ಸ್ಟ್ಯಾಂಡಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣು ನೋಡಲಿಲ್ಲ, ನಾಲಿಗೆ ನೋಡಲಿಲ್ಲ. ರೇಣುಕಾ ತನ್ನ ಪ್ರಿಂಟ್‌ಔಟನ್ನೇ ತೆಗೆದು ಕೊಟ್ಟಳು. ಅದರಲ್ಲಿದ್ದ ತಾರೀಖುಗಳನ್ನು ನೋಡಿಕೊಂಡೇ ಅವರು ಕಾಯಿಲೆ ಬರೆದರು. ಪ್ರೋಗ್ರಾಮು ಎರಡನೇ ಸಲ ಉಪಯೋಗಕ್ಕೆ ಬಂತು ನೋಡಿ. ನಿಜ ಹೇಳಲು ಹೆಕ್ಕಿದ ಸಾಲುಗಳು ಸುಳ್ಳು ಬರೆಯಲು ಅನುಕೂಲವಾದವು. ಕೆಲಸ ಮುಗಿದ ಮೇಲೆ ಡಾಕ್ಟರು ಆ ಹಾಳೆಯನ್ನು ಮುದುಡಿ ಟೇಬಲ್ಲಿನ ಕೆಳಗಿನ ಬುಟ್ಟಿಗೆ ಹಾಕಿದರು. ಹುಡುಗಿ ವಾಪಸ್ ಕೇಳಲಿಲ್ಲ.

ಹೀಗೆ ಹನ್ನೊಂದು ಸರ್ಟಿಫಿಕೇಟು ಆಯಿತು. ಪರಿಶೀಲಿಸಿ ಸಹಿ ಮಾಡುವ ಕೆಲಸ ಯಾರದು? ಹಾಜರಿಪುಸ್ತಕದವನದು. ನನ್ನದೇ. ಹನ್ನೊಂದು ಮಂದಿ, ಒಬ್ಬನೇ ಡಾಕ್ಟರು, ಒಂದೇ ಕಾಯಿಲೆ, ಒಂದೇ ತಾರೀಖುಗಳು. ಅಷ್ಟು ಮುಹೂರ್ತ ನೋಡಿಕೊಂಡು ಬರುವ ಕಾಮಾಲೆಯನ್ನು ವೈದ್ಯಶಾಸ್ತ್ರ ಇನ್ನೂ ಕಂಡಿರಲಾರದು. ಒಂದು ಬಸ್ಸು ಬಂದಿಲ್ಲ ಎಂಬುದನ್ನು ನಂಬಲು ಸೀಲ್ ಕೇಳಿದ ನಾವು, ಒಂದು ಬಸ್ಸಿನ ಅಷ್ಟೂ ಮಕ್ಕಳು ಒಟ್ಟಿಗೆ ಹಳದಿಯಾದರು ಎಂಬುದನ್ನು ಕಣ್ಣು ಮುಚ್ಚಿ ನಂಬಿದೆವು. ಹನ್ನೊಂದು ಸಲ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಮಾಡಿದೆ. ಅಭ್ಯಾಸ ಇದೆ.

ಹಾಲ್ ಟಿಕೆಟ್ ಕೊಡುವ ದಿನ ತಂದೆ ತಾಯಿಯ ಸಹಿ ಬೇಕಿತ್ತು. ಬೀರಪ್ಪ ಮತ್ತೆ ಬಂದ. ಈ ಸಲ ಪ್ರಿನ್ಸಿಪಾಲರ ರೂಮಿನೊಳಗೇ ಬಂದ. ತೋರಿಸಿದ ಜಾಗದಲ್ಲಿ ನಿಧಾನವಾಗಿ, ಕನ್ನಡದಲ್ಲಿ ಸಹಿ ಮಾಡಿದ. ಪ್ರಿನ್ಸಿಪಾಲರು ಖುಷಿಯಿಂದ ಹಾಲ್ ಟಿಕೆಟನ್ನು ರೇಣುಕಾಳ ಕೈಗೆ ಕೊಟ್ಟು, “ನೋಡಿದೆಯಾ, ಎಷ್ಟು ಸುಲಭ ಇತ್ತು” ಅಂದರು. ಆಕೆ ಅದನ್ನು ಚೀಲದಲ್ಲಿ ಹಾಕಿಕೊಂಡಳು. ನನ್ನ ಕಡೆ ನೋಡಲಿಲ್ಲ.

ಬೀರಪ್ಪ ಹೊರಡಲು ತಿರುಗಿದವನು ಬಾಗಿಲಲ್ಲಿ ನಿಂತ. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಪ್ರಿನ್ಸಿಪಾಲರನ್ನು ಬಿಟ್ಟು ನನ್ನನ್ನೇ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ:

“ಸಾರ್, ಹಂಗಾದ್ರ ಪೋರಿಗಿ ಇನ್ನ ಎಷ್ಟ್ ದಿನ ಪಥ್ಯ ಮಾಡಿಸ್ಬೇಕ್ರಿ?”